ಸರ್ಪಸುತ್ತು: ಸಂಧಿವಾತವೇ ಮೊದಲಾದ ದೀರ್ಘರೋಗವುಳ್ಳ ದಂಪತಿಗಳು ತಿಳಿದಿರಬೇಕಾದ ವಿಷಯಗಳು



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವೆಂದು ಅನೇಕರು ಭಾವಿಸಿದ್ದಾರೆ. ಅದು ಕುಟುಂಬ ಕಲ್ಯಾಣದ ಒಂದು ಅಂಗ ಮಾತ್ರ. ಪತಿಪತ್ನಿಯರಿಬ್ಬರೂ ಆರೋಗ್ಯದಿಂದಿದ್ದು, ಹುಟ್ಟುವ ಮಗುವಿಗೆ ತಂದೆತಾಯಿಗಳ ರೋಗದಿಂದಾಗಲಿ, ಅವರು ಸೇವಿಸುವ ಔಷಧದಿಂದಾಗಲಿ ಕೇಡು ತಟ್ಟದಂತೆ ನೋಡಿಕೊಳ್ಳುವುದೂ ಕುಟುಂಬ ಕಲ್ಯಾಣವೇ ಆಗಿದೆ. ಈ ದೃಷ್ಟಿಯಿಂದ ಇಂದು ತಮ್ಮ ಮುಂದೆ ಸರ್ಪಸುತ್ತು ಎಂಬ ರೋಗದ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಸರ್ಪಸುತ್ತು ಹಳ್ಳಿಗಳಿಗೆ ಹೊಸ ರೋಗವಲ್ಲ. ಸೊಂಟದ ಸುತ್ತಲೋ, ಎದೆಯ ಒಂದು ಪಕ್ಕದಲ್ಲೋ ಹಾವು ಸುತ್ತಿಕೊಂಡಂತೆ ಗುಳ್ಳೆಗಳು ಏಳುವುದರಿಂದ ನಮ್ಮ ಹಿರಿಯರು ಇದಕ್ಕೆ ಈ ಹೆಸರನ್ನಿಟ್ಟರು. ಇದು ಯಾರಿಗಾದರೂ ಬರಬಹುದು. ಆದರೆ ಕೀಲುಗಳ ಸಂಧಿವಾತ, ಲೂಪಸ್ ಮುಂತಾದ ಒಂದು ಬಗೆಯ ದೀರ್ಘರೋಗಗಳಿಂದ ನರಳುತ್ತಿರುವ ವಯಸ್ಕರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಂಡಾಗ ಹೆಚ್ಚು ಉಗ್ರವಾಗಿಯೂ ಇರುತ್ತದೆ. ಅಂತಹವರಲ್ಲಿ ಮೊದಲ ಮೂರು ದಿನಗಳು ಬಹಳ ಮುಖ್ಯವಾದವು. ಆ ಮೂರು ದಿನಗಳು ಕೆಮ್ಮಣ್ಣು ಹಚ್ಚುವುದರಲ್ಲಿಯೂ, ಮಂತ್ರ ಹಾಕಿಸುವುದರಲ್ಲಿಯೂ ಕಳೆದುಹೋದರೆ ಕಣ್ಣು ಹೋಗಬಹುದು, ತಿಂಗಳುಗಟ್ಟಲೆ ನೋವು ಉಳಿಯಬಹುದು, ಅಪರೂಪಕ್ಕೆ ಪ್ರಾಣಕ್ಕೂ ಸಂಚಕಾರ ಬರಬಹುದು.

ರೋಗದ ಮೂಲ

ಸರ್ಪಸುತ್ತಿಗೂ ಹಾವಿಗೂ ಯಾವ ಸಂಬಂಧವೂ ಇಲ್ಲ. ಹಾವನ್ನು ಕೊಂದುದರಿಂದಾಗಲಿ, ಹುತ್ತವನ್ನು ತುಳಿದುದರಿಂದಾಗಲಿ, ಹಾವು ಹರಿದಾಡಿದ ಬಟ್ಟೆಯನ್ನು ಉಟ್ಟುದರಿಂದಾಗಲಿ ಇದು ಬರುವುದಿಲ್ಲ. ಇದಕ್ಕೆ ಕಾರಣವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ವೈರಾಣು. ಮಕ್ಕಳಲ್ಲಿ ಮೈತುಂಬ ನೀರುಗುಳ್ಳೆ ಎಬ್ಬಿಸುವ ಸೀತಾಳೆ ಸಿಡುಬನ್ನು, ಎಂದರೆ ಈಗ ಎಲ್ಲರೂ ಚಿಕನ್‌ಪಾಕ್ಸ್ ಎಂದು ಕರೆಯುವ ರೋಗವನ್ನು, ಉಂಟುಮಾಡುವುದೂ ಇದೇ ವೈರಾಣು. ಹಿಂದೆ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ದೊಡ್ಡ ಸಿಡುಬು ಬೇರೆ. ಅದು ಲೋಕದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಸಾರಿತು. ಸೀತಾಳೆ ಸಿಡುಬು ಮಾತ್ರ ಇಂದಿಗೂ ನಮ್ಮಲ್ಲಿದೆ.

ಸೀತಾಳೆ ಸಿಡುಬು ವಾಸಿಯಾಗಿ, ಮಗುವಿಗೆ ಬೇವಿನೆಲೆಯ ನೀರಿನಲ್ಲಿ ಸ್ನಾನ ಮಾಡಿಸಿದ ಮೇಲೆ ರೋಗವು ಮೈಬಿಟ್ಟು ಹೋಯಿತೆಂದು ನಾವು ನೆಮ್ಮದಿಗೊಳ್ಳುತ್ತೇವೆ. ವಾಸ್ತವವಾಗಿ ವೈರಾಣು ಸಂಪೂರ್ಣವಾಗಿ ಹೋಗಿರುವುದಿಲ್ಲ. ಬೆನ್ನುಹುರಿಯ ಇಕ್ಕೆಲಗಳಲ್ಲಿಯೂ ತಲೆಬುರುಡೆಯ ಒಳಗೂ ಇರುವ ನರಗಳ ಗಂಟುಗಳಲ್ಲಿ ಅದು ಅಡಗಿ ಕುಳಿತುಕೊಳ್ಳುತ್ತದೆ. ಹೊಲದಲ್ಲಿ ಜೇಕನ್ನು ಎಷ್ಟು ಕಿತ್ತರೂ ಅದರ ಗಡ್ಡೆ ಮಣ್ಣಿನೊಳಗೆ ಉಳಿದಿದ್ದು, ಹದವಾದ ಮಳೆ ಬಿದ್ದೊಡನೆ ಮತ್ತೆ ಚಿಗುರುವುದನ್ನು ತಾವು ಕಂಡಿದ್ದೀರಿ. ಈ ವೈರಾಣುವಿನ ರೀತಿಯೂ ಹಾಗೆಯೇ. ದೇಹದ ರೋಗನಿರೋಧಕ ಶಕ್ತಿಯು ಬಲವಾಗಿರುವವರೆಗೆ ಅದು ಹತ್ತಾರು ವರ್ಷ ನಿದ್ರಿಸುತ್ತಿರುತ್ತದೆ. ವಯಸ್ಸಾದಾಗಲೋ, ಬೇರೆ ರೋಗದಿಂದಲೋ, ಔಷಧದಿಂದಲೋ ಆ ಶಕ್ತಿ ಕುಂದಿದಾಗ ಎಚ್ಚೆತ್ತು, ತಾನು ಅಡಗಿದ್ದ ನರದ ಹಾದಿಯನ್ನೇ ಹಿಡಿದು ಚರ್ಮಕ್ಕೆ ಬಂದು ಗುಳ್ಳೆಗಳನ್ನು ಎಬ್ಬಿಸುತ್ತದೆ.

ಈ ಸಂಗತಿಯು ಒಂದೇ ದಿನದಲ್ಲಿ ತಿಳಿದುಬಂದುದಲ್ಲ. ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತಾದ ಮೇಲೆ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಹಂಗೇರಿ ದೇಶದ ಬೋಕೈ ಎಂಬ ವೈದ್ಯರು 1892ರಲ್ಲಿಯೇ ಗಮನಿಸಿದ್ದರು. ಇಂಗ್ಲೆಂಡಿನ ಸೈರೆನ್ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಹೋಪ್-ಸಿಂಪ್ಸನ್ ಎಂಬವರು ತಮ್ಮಲ್ಲಿಗೆ ಬರುತ್ತಿದ್ದ ಸುಮಾರು 3,500 ಜನರ ಪೈಕಿ ಸರ್ಪಸುತ್ತು ಬಂದ ಪ್ರತಿಯೊಬ್ಬರ ವಿವರವನ್ನೂ 16 ವರ್ಷಗಳ ಕಾಲ ತಾಳ್ಮೆಯಿಂದ ಬರೆದಿಟ್ಟರು. ಅಂತಹ 192 ರೋಗಿಗಳನ್ನು ಪರಿಶೀಲಿಸಿ, ಇದು ಹೊರಗಿನಿಂದ ಹೊಸದಾಗಿ ಅಂಟುವ ರೋಗವಲ್ಲ, ಒಳಗೆ ಅಡಗಿದ್ದ ವೈರಾಣುವು ನಿರೋಧಕ ಶಕ್ತಿ ಕುಂದಿದಾಗ ಮರಳಿ ಏಳುವುದೇ ಇದಕ್ಕೆ ಕಾರಣ ಎಂಬ ವಿಚಾರವನ್ನು 1965ರಲ್ಲಿ ಪ್ರಕಟಿಸಿದರು. ಮುಂದಿನ ಸಂಶೋಧನೆಗಳು ಅವರ ಮಾತನ್ನು ಸ್ಥಿರಪಡಿಸಿದವು.

ಬೇಲಿಯೇ ಹೊಲ ಮೇಯ್ದಾಗ

ನಮ್ಮ ದೇಹದಲ್ಲಿ ರೋಗಾಣುಗಳೊಡನೆ ಹೋರಾಡುವ ಒಂದು ರಕ್ಷಣಾ ವ್ಯವಸ್ಥೆಯುಂಟು. ಅದು ಹೊಲಕ್ಕೆ ಹಾಕಿದ ಬೇಲಿಯಂತೆ ನಮ್ಮನ್ನು ಕಾಯುತ್ತದೆ. ಕೆಲವರಲ್ಲಿ ಈ ವ್ಯವಸ್ಥೆಯು ದಾರಿತಪ್ಪಿ, ತನ್ನದೇ ದೇಹದ ಅಂಗಗಳನ್ನು ಪರಕೀಯವೆಂದು ಭಾವಿಸಿ ಅವುಗಳ ಮೇಲೆರಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯು ಈ ರೋಗಗಳಿಗೆ ಚೆನ್ನಾಗಿ ಒಪ್ಪುತ್ತದೆ. ಇವುಗಳನ್ನು ಸ್ವಯಂಪ್ರತಿರಕ್ಷಾ ರೋಗಗಳೆಂದು ಕರೆಯುತ್ತಾರೆ.

ಕೈಬೆರಳುಗಳ ಕೀಲುಗಳು ಊದಿಕೊಂಡು, ಬೆಳಗ್ಗೆ ಎದ್ದೊಡನೆ ಮುಷ್ಟಿ ಹಿಡಿಯಲಾಗದಷ್ಟು ಬಿಗಿಯಾಗುವ ರುಮಟಾಯ್ಡ್ ಸಂಧಿವಾತವು ಇವುಗಳಲ್ಲಿ ಒಂದು. ಕೆನ್ನೆಗಳ ಮೇಲೆ ಕೆಂಪು ಮಚ್ಚೆ, ಕೀಲುನೋವು, ಜ್ವರಗಳೊಡನೆ ಬಂದು ಮೂತ್ರಪಿಂಡವನ್ನೂ ಕೆಡಿಸಬಲ್ಲ ಲೂಪಸ್ ಇನ್ನೊಂದು. ಚರ್ಮವು ಹೊಟ್ಟುಹೊಟ್ಟಾಗಿ ಏಳುವ ಸೋರಿಯಾಸಿಸ್, ಕರುಳಿನ ಹುಣ್ಣಿನಿಂದ ರಕ್ತಭೇದಿಯಾಗುವ ಕೆಲವು ದೀರ್ಘರೋಗಗಳೂ ಈ ವರ್ಗಕ್ಕೆ ಸಮೀಪವಾದವು. ಸಂಧಿವಾತವು ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಲೂಪಸ್ ರೋಗಿಗಳಲ್ಲಿ 10ಕ್ಕೆ 9 ಮಂದಿ ಸ್ತ್ರೀಯರು. ಅದರಲ್ಲಿಯೂ ಮಕ್ಕಳನ್ನು ಹೆರುವ ವಯಸ್ಸಿನವರೇ ಅಧಿಕ. ಆದುದರಿಂದಲೇ ಈ ವಿಷಯವನ್ನು ದಂಪತಿಗಳ ಮುಂದೆ ಇಡುವುದು ಅವಶ್ಯಕವಾಗಿದೆ.

ಇಂತಹವರಿಗೆ ಸರ್ಪಸುತ್ತಿನ ಭಯ ಹೆಚ್ಚಾಗಿರಲು ಎರಡು ಕಾರಣಗಳುಂಟು. ಮೊದಲನೆಯದು ರೋಗವೇ. ದಾರಿತಪ್ಪಿದ ಬೇಲಿಯು ಹೊಲವನ್ನು ಮೇಯುವುದಲ್ಲದೆ ಹೊರಗಿನ ದನವನ್ನು ತಡೆಯುವುದರಲ್ಲಿಯೂ ಸೋಲುತ್ತದೆ. ರುಮಟಾಯ್ಡ್ ಸಂಧಿವಾತವುಳ್ಳವರಿಗೆ ಸರ್ಪಸುತ್ತು ಬರುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಲೂಪಸ್ ಇರುವವರಲ್ಲಿ ಅದಕ್ಕಿಂತಲೂ ಅಧಿಕ. ಸಾಮಾನ್ಯವಾಗಿ ಈ ರೋಗವು 50 ವರ್ಷ ದಾಟಿದವರನ್ನು ಹೆಚ್ಚಾಗಿ ಕಾಡುತ್ತದೆ. ಆದರೆ ಇವರಲ್ಲಿ 25, 30ರ ಪ್ರಾಯದಲ್ಲಿಯೇ ಕಾಣಿಸಿಕೊಳ್ಳಬಹುದು. ಹರೆಯದವರಿಗೆ ಸರ್ಪಸುತ್ತು ಬರುವುದಿಲ್ಲವೆಂದು ಅಲಕ್ಷ್ಯ ಮಾಡಕೂಡದು.

ಎರಡನೆಯ ಕಾರಣವು ಔಷಧ. ರೋಗವನ್ನು ಹತೋಟಿಯಲ್ಲಿಡಲು ವೈದ್ಯರು ರಕ್ಷಣಾ ವ್ಯವಸ್ಥೆಯ ಆವೇಶವನ್ನು ತಗ್ಗಿಸುವ ಔಷಧಗಳನ್ನು ಕೊಡಬೇಕಾಗುತ್ತದೆ. ಪ್ರೆಡ್ನಿಸೊಲೋನ್ ಮುಂತಾದ ಸ್ಟೀರಾಯ್ಡ್ ಮಾತ್ರೆಗಳು ಪ್ರಮಾಣ ಹೆಚ್ಚಿದಂತೆಲ್ಲ ಸರ್ಪಸುತ್ತಿನ ಸಂಭವವನ್ನು ಹೆಚ್ಚಿಸುತ್ತವೆ. ಲೂಪಸ್ ರೋಗಕ್ಕೆ ಕೊಡುವ ಸೈಕ್ಲೋಫಾಸ್ಫಮೈಡ್ ಎಂಬ ಪ್ರಬಲ ಔಷಧವೂ ಹಾಗೆಯೇ. ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವ ಟೊಫಾಸಿಟಿನಿಬ್ ಮುಂತಾದ ಮಾತ್ರೆಗಳಿಂದ ಈ ಸಂಭವ ಗಣನೀಯವಾಗಿ ಏರುವುದು ಕಂಡುಬಂದಿದೆ. ಜಪಾನ್, ಕೊರಿಯ ದೇಶಗಳ ರೋಗಿಗಳಲ್ಲಿ ಇದು ಇನ್ನೂ ಹೆಚ್ಚಾಗಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯಿಂದ ಸರ್ಪಸುತ್ತಿನ ಭಯ ಅಷ್ಟಾಗಿ ಹೆಚ್ಚುವುದಿಲ್ಲ.

ಇಷ್ಟನ್ನು ಕೇಳಿ ಯಾರೂ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಬಹುಕಾಲ ಸ್ಟೀರಾಯ್ಡ್ ಸೇವಿಸುತ್ತಿದ್ದವರು ಅದನ್ನು ಹಠಾತ್ತಾಗಿ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಔಷಧವನ್ನು ಇಳಿಸುವುದು, ತಡೆಹಿಡಿಯುವುದು ವೈದ್ಯರ ಕೆಲಸ.

ಅಂಗಡಿಯ ಮಾತ್ರೆ, ನಾಟಿ ಪುಡಿ

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕಾಗಿದೆ. ಮಂಡಿನೋವು, ಸೊಂಟನೋವು ಎಂದು ಔಷಧದಂಗಡಿಗೆ ಹೋಗಿ ಚೀಟಿಯಿಲ್ಲದೆ ಮಾತ್ರೆ ತರುವ ಅಭ್ಯಾಸ ನಮ್ಮಲ್ಲಿ ಬಹಳವಾಗಿದೆ. ಸಂತೆಯಲ್ಲಿ, ಜಾತ್ರೆಯಲ್ಲಿ ವಾತದ ಪುಡಿಯೆಂದು ಮಾರುವವರೂ ಉಂಟು. ಇಂತಹ ಮಾತ್ರೆ ಪುಡಿಗಳಲ್ಲಿ ಅನೇಕ ವೇಳೆ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನಗಳಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾಗುತ್ತದೆ. ಮೈಗೂಡಿತೆಂದು ಮನೆಯವರು ಸಂತೋಷಪಡುತ್ತಾರೆ. ಅದು ಮೈಗೂಡಿದುದಲ್ಲ, ಔಷಧದ ದುಷ್ಪರಿಣಾಮ. ಒಳಗೊಳಗೇ ಮೂಳೆ ಸವೆದು, ಸಕ್ಕರೆ ಕಾಯಿಲೆ ತಲೆಯೆತ್ತಿ, ರೋಗನಿರೋಧಕ ಶಕ್ತಿಯು ಕುಂದುತ್ತಾ ಹೋಗುತ್ತದೆ. ಆದುದರಿಂದ ಕೀಲುನೋವಿಗೆ ಯಾವ ಔಷಧವನ್ನು ಸೇವಿಸುತ್ತಿದ್ದರೂ ಅದರ ಹೆಸರು ತಮಗೆ ತಿಳಿದಿರಬೇಕು. ಮಾತ್ರೆಯ ಪಟ್ಟಿಯನ್ನು ಎಸೆಯದೆ ಆಸ್ಪತ್ರೆಗೆ ಹೋದಾಗ ತೋರಿಸಬೇಕು.

ರೋಗಲಕ್ಷಣಗಳು

ಸರ್ಪಸುತ್ತು ಗುಳ್ಳೆಯಿಂದ ಆರಂಭವಾಗುವುದಿಲ್ಲ, ನೋವಿನಿಂದ ಆರಂಭವಾಗುತ್ತದೆ. ಗುಳ್ಳೆ ಏಳುವ ಎರಡು ಮೂರು ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚುವಿಕೆ, ಜುಮುಗುಟ್ಟುವಿಕೆ ಅಥವಾ ಮುಟ್ಟಿದರೆ ಸಹಿಸಲಾಗದ ನೋವು ತೋರುತ್ತದೆ. ಎದೆಯಲ್ಲಿ ಬಂದರೆ ಹೃದಯದ ನೋವೆಂದೂ, ಹೊಟ್ಟೆಯಲ್ಲಿ ಬಂದರೆ ಕರುಳಿನ ನೋವೆಂದೂ, ಸೊಂಟದಲ್ಲಿ ಬಂದರೆ ಉಳುಕೆಂದೂ ತಪ್ಪುತಿಳಿಯುವುದುಂಟು. ಅನಂತರ ಚರ್ಮವು ಕೆಂಪಾಗಿ, ಅದರ ಮೇಲೆ ಗೊಂಚಲು ಗೊಂಚಲಾಗಿ ನೀರುಗುಳ್ಳೆಗಳು ಮೂಡುತ್ತವೆ. ಅವು 7ರಿಂದ 10 ದಿನಗಳಲ್ಲಿ ಒಣಗಿ ಹಕ್ಕಳೆಗಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಉದುರುತ್ತವೆ.

ಈ ಗುಳ್ಳೆಗಳ ಮುಖ್ಯ ಗುರುತು, ಅವು ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಹರಡುವುದು. ಬೆನ್ನಿನಿಂದ ಹೊರಟು ಹೊಟ್ಟೆಯ ನಡುಭಾಗದವರೆಗೆ ಬಂದು ಅಲ್ಲಿಗೆ ನಿಂತುಬಿಡುತ್ತವೆ. ಹಾವಿನ ಹೆಡೆಯೂ ಬಾಲವೂ ಕೂಡಿದರೆ ರೋಗಿ ಬದುಕುವುದಿಲ್ಲ ಎಂಬ ಭೀತಿ ನಮ್ಮ ಜನರಲ್ಲಿ ಬೇರೂರಿದೆ. ನಿಜವೇನೆಂದರೆ, ಬೆನ್ನುಹುರಿಯ ಎಡದಿಂದ ಹೊರಟ ನರವು ಎಡಭಾಗಕ್ಕೂ, ಬಲದಿಂದ ಹೊರಟದ್ದು ಬಲಭಾಗಕ್ಕೂ ಮಾತ್ರ ಹರಡಿಕೊಂಡಿರುತ್ತದೆ. ವೈರಾಣುವು ನರದ ಹಾದಿಯನ್ನೇ ಹಿಡಿದು ಬರುವುದರಿಂದ ಗುಳ್ಳೆಗಳೂ ಆ ನರದ ಗಡಿಯಲ್ಲಿ ನಿಲ್ಲುತ್ತವೆ. ಸುತ್ತು ಪೂರ್ತಿಯಾಗುವುದೆಂಬ ಭಯದಿಂದ ರೋಗಿಯ ಧೈರ್ಯವನ್ನು ಕೆಡಿಸುವುದು ಸಲ್ಲದು.

ಆದರೆ ನಿಜವಾಗಿಯೂ ಭಯಪಡಬೇಕಾದ ಲಕ್ಷಣಗಳು ಬೇರೆ ಇವೆ. ಅವು ಹೀಗಿವೆ:

1. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಏಳುವುದು. ಮೂಗಿನ ತುದಿಗೂ ಕಣ್ಣಿಗೂ ಹೋಗುವ ನರದ ಕವಲು ಒಂದೇ ಆದುದರಿಂದ, ಮೂಗಿನ ತುದಿಯ ಗುಳ್ಳೆಯು ಕಣ್ಣಿಗೆ ಅಪಾಯ ಬಂದಿರುವುದರ ಸೂಚನೆ. ಚಿಕಿತ್ಸೆ ತಡವಾದರೆ ದೃಷ್ಟಿ ನಾಶವಾಗಬಹುದು.

2. ಕಿವಿಯೊಳಗೆ ಗುಳ್ಳೆ ಎದ್ದು, ಮುಖದ ಒಂದು ಪಕ್ಕ ಸೊಟ್ಟಗಾಗುವುದು, ತಲೆ ಸುತ್ತುವುದು, ಕಿವಿ ಕೇಳದಂತಾಗುವುದು.

3. ಪಟ್ಟಿಯ ಆಚೆಗೂ ಮೈಯಲ್ಲೆಲ್ಲ ಗುಳ್ಳೆಗಳು ಹರಡುವುದು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಹೀಗಾಗುತ್ತದೆ. ಆಗ ಶ್ವಾಸಕೋಶ, ಪಿತ್ತಜನಕಾಂಗ, ಮೆದುಳುಗಳಿಗೂ ವೈರಾಣು ತಗಲಬಹುದು.

4. ತೀವ್ರ ಜ್ವರ, ತಲೆನೋವು, ಕುತ್ತಿಗೆ ಬಿಗಿತ, ಮಂಪರು, ಉಸಿರಾಟದ ತೊಂದರೆ, ಅಥವಾ ಕೈಕಾಲು ಸ್ವಾಧೀನ ತಪ್ಪುವುದು.

ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿ ಹಗಲೆನ್ನದೆ 108 ವಾಹನವನ್ನು ಕರೆಸಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು.

ಚಿಕಿತ್ಸೆ: ಮೂರು ದಿನಗಳ ಒಳಗೆ

ಒಂದು ಕಾಲದಲ್ಲಿ ಸರ್ಪಸುತ್ತಿಗೆ ನಿಶ್ಚಿತವಾದ ಔಷಧವಿರಲಿಲ್ಲ. ಆಗ ನಮ್ಮ ಹಿರಿಯರು ಕೆಮ್ಮಣ್ಣು, ಗರಿಕೆ ಹುಲ್ಲಿನ ರಸ ಮುಂತಾದುವನ್ನು ಲೇಪಿಸಿ ಉರಿಯನ್ನು ತಣಿಸಲು ಯತ್ನಿಸಿದರು. ತಂಪಾದ ವಸ್ತುವಿನಿಂದ ಸ್ವಲ್ಪ ಹಿತವೆನಿಸಿದುದು ನಿಜವಿರಬಹುದು. ಗುಳ್ಳೆಗಳು ತಮ್ಮಷ್ಟಕ್ಕೆ ತಾವೇ ಕೆಲವು ವಾರಗಳಲ್ಲಿ ಒಣಗುವುದರಿಂದ ಲೇಪವೇ ಗುಣಪಡಿಸಿತೆಂಬ ನಂಬಿಕೆಯೂ ಬೆಳೆಯಿತು. ಆದರೆ ಲೇಪವು ನರದೊಳಗಿನ ವೈರಾಣುವನ್ನು ಮುಟ್ಟಲಾರದು. ಒಡೆದ ಗುಳ್ಳೆಯ ಮೇಲೆ ಮಣ್ಣು, ಸಗಣಿ, ಬೂದಿ ಹಚ್ಚಿದರೆ ಕೀವು ತುಂಬಿ ಹುಣ್ಣಾಗುತ್ತದೆ. ಸ್ಟೀರಾಯ್ಡ್ ಸೇವಿಸುತ್ತಿರುವವರಲ್ಲಿ ಆ ಕೀವು ರಕ್ತಕ್ಕೂ ಸೇರಬಹುದು.

ಇಂದು ಈ ವೈರಾಣುವಿಗೆ ಒಳ್ಳೆಯ ಔಷಧವಿದೆ. ಅಸೈಕ್ಲೋವಿರ್ ಎಂಬ ಈ ಔಷಧವು ರೂಪುಗೊಂಡ ಪ್ರಯೋಗಶಾಲೆಯ ಗರ್‌ಟ್ರೂಡ್ ಎಲಿಯನ್ ಎಂಬ ವಿಜ್ಞಾನಿ ಮಹಿಳೆಗೆ, ಔಷಧ ಸಂಶೋಧನೆಯಲ್ಲಿನ ಅವರ ಸಾಧನೆಗಾಗಿ, 1988ರಲ್ಲಿ ನೊಬೆಲ್ ಪಾರಿತೋಷಕವು ಇತರ ಇಬ್ಬರೊಡನೆ ದೊರೆಯಿತು. ಗುಳ್ಳೆ ಕಾಣಿಸಿಕೊಂಡ 72 ಗಂಟೆಗಳ ಒಳಗೆ ಇದನ್ನು ಆರಂಭಿಸಿದರೆ ವೈರಾಣು ವೃದ್ಧಿಯಾಗುವುದು ನಿಂತು, ಗುಳ್ಳೆಗಳು ಬೇಗ ಒಣಗುತ್ತವೆ, ನೋವೂ ಇಳಿಯುತ್ತದೆ. ಸಾಮಾನ್ಯವಾಗಿ ಮಾತ್ರೆಯನ್ನು ದಿನಕ್ಕೆ ಐದು ಬಾರಿಯಂತೆ 7 ದಿನ ನುಂಗಬೇಕಾಗುತ್ತದೆ. ದಿನಕ್ಕೆ ಮೂರು ಬಾರಿ ನುಂಗುವ ಇದೇ ಬಗೆಯ ಬೇರೆ ಮಾತ್ರೆಯೂ ಉಂಟು. ರೋಗನಿರೋಧಕ ಶಕ್ತಿ ತೀರ ಕುಂದಿದವರಿಗೂ, ಗುಳ್ಳೆ ಮೈತುಂಬ ಹರಡಿದವರಿಗೂ ಆಸ್ಪತ್ರೆಯಲ್ಲಿರಿಸಿ ರಕ್ತನಾಳದ ಮೂಲಕವೇ ಔಷಧ ಕೊಡಬೇಕಾಗಬಹುದು. ಪ್ರಮಾಣವನ್ನು ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ನಿರ್ಧರಿಸತಕ್ಕದ್ದು. ಸ್ವಾಯತ್ತವಾಗಿ ಮುಲಾಮನ್ನು ಮಾತ್ರ ತಂದು ಹಚ್ಚಿದರೆ ಸಾಲದು.

ಮೂರು ದಿನ ಕಳೆದುಹೋಯಿತೆಂದು ಆಸ್ಪತ್ರೆಗೆ ಹೋಗುವುದನ್ನೇ ಬಿಡಬಾರದು. ಹೊಸ ಗುಳ್ಳೆಗಳು ಇನ್ನೂ ಏಳುತ್ತಿದ್ದರೆ, ಕಣ್ಣಿಗೆ ತಗಲಿದ್ದರೆ, ಅಥವಾ ರೋಗಿಯು ನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುತ್ತಿದ್ದರೆ ತಡವಾಗಿಯಾದರೂ ಚಿಕಿತ್ಸೆ ಕೊಡುತ್ತಾರೆ.

ದೇವರಲ್ಲಿ ಹರಕೆ ಹೊರುವುದು ಅವರವರ ಶ್ರದ್ಧೆಗೆ ಸೇರಿದ ವಿಷಯ. ಸುಬ್ರಹ್ಮಣ್ಯನ ಸನ್ನಿಧಿಗೆ ಗುಣವಾದ ಮೇಲೆಯೂ ಹೋಗಬಹುದು. ಆಸ್ಪತ್ರೆಗೆ ಮಾತ್ರ ಮೊದಲ ದಿನವೇ ಹೋಗಬೇಕು.

ಮನೆಯಲ್ಲಿ ಶುಶ್ರೂಷೆ

ಗುಳ್ಳೆಗಳನ್ನು ದಿನಕ್ಕೊಮ್ಮೆ ಶುದ್ಧವಾದ ನೀರು ಮತ್ತು ಸಾಬೂನಿನಿಂದ ಮೃದುವಾಗಿ ತೊಳೆದು, ಒರಸದೆ ಒತ್ತಿ ಒಣಗಿಸಬೇಕು. ಉರಿ ಹೆಚ್ಚಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಸ್ವಲ್ಪ ಹೊತ್ತು ಇಡಬಹುದು. ಸಡಿಲವಾದ ಹತ್ತಿಬಟ್ಟೆ ಉಡಬೇಕು. ಗುಳ್ಳೆಗಳನ್ನು ಒಡೆಯಬಾರದು, ಕೆರೆಯಬಾರದು. ಆಹಾರದಲ್ಲಿ ಪಥ್ಯವೆಂದು ಬರಿಯ ಗಂಜಿ ಕೊಟ್ಟು ರೋಗಿಯನ್ನು ಬಳಲಿಸುವುದು ತಪ್ಪು. ಮುದ್ದೆ, ರೊಟ್ಟಿ, ಬೇಳೆ, ಸೊಪ್ಪು, ಹಾಲು, ಮೊಟ್ಟೆ ಎಂದಿನಂತೆ ಕೊಡಬಹುದು.

ಗುಳ್ಳೆ ಒಣಗಿದ ಮೇಲೆಯೂ ಕೆಲವರಿಗೆ ನೋವು ಉಳಿಯುತ್ತದೆ. ಸರ್ಪಸುತ್ತಾದ 100 ಮಂದಿಯಲ್ಲಿ 10ರಿಂದ 18 ಮಂದಿಗೆ ಹೀಗಾಗುವುದುಂಟು. ವಯಸ್ಸು ಹೆಚ್ಚಿದಷ್ಟೂ ಸಂಭವ ಹೆಚ್ಚು. ರವಿಕೆ ತಗಲಿದರೂ, ಗಾಳಿ ಬೀಸಿದರೂ ಬೆಂಕಿ ಇಟ್ಟಂತಾಗಿ ನಿದ್ರೆ ಬಾರದೆ ರೋಗಿಯು ಕಂಗೆಡುತ್ತಾರೆ. ಹೊರಗೆ ಗಾಯ ಕಾಣದಿರುವುದರಿಂದ ಕೆಲಸಗಳ್ಳತನವೆಂದು ಮನೆಯವರು ಮೂದಲಿಸುವುದೂ ಉಂಟು. ಇದು ನರಕ್ಕೆ ಆದ ಹಾನಿಯ ಫಲ, ನಟನೆಯಲ್ಲ. ಈ ನೋವಿಗೆ ಸಾಧಾರಣ ನೋವಿನ ಮಾತ್ರೆಗಳು ನಾಟುವುದಿಲ್ಲ, ಬೇರೆಯೇ ಔಷಧಗಳಿವೆ. ಪತಿಗೆ ಬಂದರೆ ಪತ್ನಿಯೂ, ಪತ್ನಿಗೆ ಬಂದರೆ ಪತಿಯೂ ಆ ಕಾಲದಲ್ಲಿ ಮನೆಗೆಲಸ, ಹೊಲಗೆಲಸಗಳ ಭಾರವನ್ನು ಹಂಚಿಕೊಳ್ಳುವುದು ಔಷಧದಷ್ಟೇ ಅವಶ್ಯಕ.

ಗರ್ಭಿಣಿಯರೂ ಶಿಶುಗಳೂ

ಸರ್ಪಸುತ್ತು ಒಬ್ಬರಿಂದ ಇನ್ನೊಬ್ಬರಿಗೆ ಸರ್ಪಸುತ್ತಾಗಿಯೇ ಅಂಟುವುದಿಲ್ಲ. ಆದರೆ ಗುಳ್ಳೆಯೊಳಗಿನ ನೀರಿನಲ್ಲಿ ಜೀವಂತ ವೈರಾಣು ಇರುತ್ತದೆ. ಸೀತಾಳೆ ಸಿಡುಬು ಎಂದೂ ಬಾರದವರಿಗೆ ಅದು ತಗಲಿದರೆ ಅವರಿಗೆ ಸೀತಾಳೆ ಸಿಡುಬು ಬರುತ್ತದೆ. ನಮ್ಮಂತಹ ಉಷ್ಣದೇಶಗಳಲ್ಲಿ ಬಾಲ್ಯದಲ್ಲಿ ಈ ರೋಗ ಬಾರದೆ ದೊಡ್ಡವರಾಗುವವರ ಸಂಖ್ಯೆ ಶೀತದೇಶಗಳಿಗಿಂತ ಹೆಚ್ಚು. ಆದುದರಿಂದ ಮನೆಗೆ ಬಂದ ಸೊಸೆಗೆ ಅಥವಾ ಹೆರಿಗೆಗೆ ತವರಿಗೆ ಬಂದ ಮಗಳಿಗೆ ಇದು ಆಗಿದೆಯೋ ಇಲ್ಲವೋ ಎಂದು ಕೇಳಿ ತಿಳಿದಿರಬೇಕು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಸಂಧಿವಾತಕ್ಕೆ ಮಾತ್ರೆ ಸೇವಿಸುತ್ತಿರುವ ಅತ್ತೆಗೆ ಸೊಂಟದಲ್ಲಿ ಸರ್ಪಸುತ್ತು ಆಗಿದೆ. ಮೂರು ತಿಂಗಳ ಬಸುರಿಯಾದ ಸೊಸೆಯು ಅವರ ಗುಳ್ಳೆಗಳನ್ನು ತೊಳೆದು, ಬಟ್ಟೆ ಒಗೆದು, ಉಪಚಾರ ಮಾಡುತ್ತಾಳೆ. ಆಕೆಗೆ ಬಾಲ್ಯದಲ್ಲಿ ಸೀತಾಳೆ ಸಿಡುಬು ಬಂದಿಲ್ಲ. ಎರಡು ವಾರಗಳಲ್ಲಿ ಆಕೆಗೆ ಅದು ಕಾಣಿಸಿಕೊಂಡರೆ, ಗರ್ಭದ ಮೊದಲ 20 ವಾರಗಳಲ್ಲಿ ಶಿಶುವಿನ ಕೈಕಾಲು, ಕಣ್ಣು, ಮೆದುಳುಗಳಿಗೆ ಊನವಾಗುವ ಸಂಭವ ಅಲ್ಪವಾದರೂ ಉಂಟು. ತಾಯಿಗೂ ಶ್ವಾಸಕೋಶದ ಉರಿಯೂತವಾಗಬಹುದು. ಹೆರಿಗೆಗೆ 5 ದಿನ ಮೊದಲಿನಿಂದ 2 ದಿನ ಅನಂತರದವರೆಗಿನ ಅವಧಿಯಲ್ಲಿ ತಾಯಿಗೆ ಸೀತಾಳೆ ಸಿಡುಬು ಬಂದರೆ ನವಜಾತ ಶಿಶುವಿಗೆ ಅದು ಅತ್ಯಂತ ಅಪಾಯಕಾರಿ. ಈ ಮನೆಯಲ್ಲಿ ಅತ್ತೆಯ ಉಪಚಾರವನ್ನು ಮಗನೋ, ಹಿಂದೆ ಸೀತಾಳೆ ಸಿಡುಬು ಬಂದುಹೋದ ಇನ್ನಾರಾದರೂ ಸ್ತ್ರೀಯೋ ವಹಿಸಿಕೊಂಡಿದ್ದರೆ, ಗುಳ್ಳೆಗಳನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿದ್ದರೆ ಈ ಅಪಾಯವೇ ಇರುತ್ತಿರಲಿಲ್ಲ.

ಗುಳ್ಳೆಗಳೆಲ್ಲ ಹಕ್ಕಳೆಗಟ್ಟುವವರೆಗೆ ರೋಗಿಯು ಗರ್ಭಿಣಿಯರಿಂದಲೂ, ಎಳೆಯ ಕೂಸುಗಳಿಂದಲೂ ದೂರವಿರಬೇಕು. ರೋಗಿಯ ಬಟ್ಟೆ, ಟವೆಲ್‌ಗಳನ್ನು ಬೇರೆಯಾಗಿ ಇಡಬೇಕು. ಗರ್ಭಿಣಿಗೆ ಸಂಪರ್ಕವಾಗಿದೆಯೆಂದು ಸಂದೇಹ ಬಂದರೆ ಗುಳ್ಳೆ ಏಳುವವರೆಗೆ ಕಾಯದೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. ರಕ್ಷಣೆ ನೀಡುವ ಚುಚ್ಚುಮದ್ದು ಮತ್ತು ಔಷಧಗಳುಂಟು.

ಗರ್ಭಿಣಿಗೆ ತನಗೇ ಸರ್ಪಸುತ್ತು ಬಂದರೆ ಭಯಪಡಬೇಕಾಗಿಲ್ಲ. ಆಕೆಯ ರಕ್ತದಲ್ಲಿ ಹಿಂದಿನಿಂದಲೇ ಇರುವ ರಕ್ಷಕ ಅಂಶಗಳು ಶಿಶುವನ್ನು ಕಾಪಾಡುತ್ತವೆ. ಚಿಕಿತ್ಸೆಯನ್ನು ಮಾತ್ರ ತಡಮಾಡಬಾರದು. ಹಾಲೂಡಿಸುವ ತಾಯಿಯು ಸ್ತನದ ಮೇಲೆ ಗುಳ್ಳೆಗಳಿಲ್ಲದಿದ್ದರೆ, ಬೇರೆ ಕಡೆಯ ಗುಳ್ಳೆಗಳನ್ನು ಮುಚ್ಚಿ, ಕೈತೊಳೆದು ಮಗುವಿಗೆ ಹಾಲೂಡಿಸಬಹುದು.

ಗರ್ಭಧಾರಣೆಗೆ ಮೊದಲು

ಸಂಧಿವಾತ, ಲೂಪಸ್ ಇರುವ ಸ್ತ್ರೀಯರು ತಾಯಂದಿರಾಗಬಾರದೆಂದಿಲ್ಲ. ರೋಗವು ಕೆಲವು ತಿಂಗಳು ಹತೋಟಿಯಲ್ಲಿದ್ದಾಗ, ಮುಂದಾಲೋಚನೆಯಿಂದ ಗರ್ಭ ಧರಿಸಿದರೆ ಆರೋಗ್ಯವಂತ ಮಗುವನ್ನು ಪಡೆಯಬಹುದು. ಅಲ್ಲಿಯವರೆಗೆ ಗರ್ಭವನ್ನು ಮುಂದೂಡುವುದು ಅವಶ್ಯಕ. ಏಕೆಂದರೆ ಮೆಥೊಟ್ರೆಕ್ಸೇಟ್, ಸೈಕ್ಲೋಫಾಸ್ಫಮೈಡ್ ಮುಂತಾದ ಔಷಧಗಳು ಗರ್ಭಸ್ಥ ಶಿಶುವಿಗೆ ವಿಷಪ್ರಾಯವಾದವು. ಮೆಥೊಟ್ರೆಕ್ಸೇಟನ್ನು ಗರ್ಭಧಾರಣೆಗೆ ಒಂದರಿಂದ ಮೂರು ತಿಂಗಳು ಮೊದಲೇ ವೈದ್ಯರ ಸಲಹೆಯಂತೆ ನಿಲ್ಲಿಸಿ, ಗರ್ಭಕ್ಕೆ ಹಾನಿಯಿಲ್ಲದ ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಬೇಕು. ಈ ಮಾತ್ರೆಯು ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದೆಂಬುದನ್ನು ದಂಪತಿಗಳಿಬ್ಬರೂ ನೆನಪಿಡಬೇಕು. ತಿಳಿಯದೆ ದಿನವೂ ನುಂಗಿ ಪ್ರಾಣ ಕಳೆದುಕೊಂಡವರುಂಟು.

ಗರ್ಭವನ್ನು ಮುಂದೂಡಲು ನಿರೋಧ್, ವಂಕಿ ಮುಂತಾದ ಸಾಧನಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಲೂಪಸ್ ಇರುವವರು ಗರ್ಭನಿರೋಧಕ ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಆರಂಭಿಸಬಾರದು. ಕೆಲವರಲ್ಲಿ ಅವು ರಕ್ತ ಹೆಪ್ಪುಗಟ್ಟಲು ಕಾರಣವಾಗಬಲ್ಲವು. ಪತಿಯು ಇಂತಹ ಔಷಧ ಸೇವಿಸುತ್ತಿದ್ದರೂ ಮಗುವನ್ನು ಬಯಸುವ ಮುನ್ನ ವೈದ್ಯರೊಡನೆ ಮಾತನಾಡುವುದು ಒಳಿತು.

ತಡೆಗಟ್ಟುವ ಚುಚ್ಚುಮದ್ದು

ಸರ್ಪಸುತ್ತನ್ನು ತಡೆಗಟ್ಟುವ ಲಸಿಕೆಯೂ ಈಗ ಬಂದಿದೆ. 2006ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೊದಲ ಲಸಿಕೆಯು ಬಲಗುಂದಿಸಿದ ಜೀವಂತ ವೈರಾಣುವಿನಿಂದ ಮಾಡಿದುದಾದ ಕಾರಣ ನಿರೋಧಕ ಶಕ್ತಿ ಬಹಳ ಕುಂದಿದವರಿಗೆ ಅದನ್ನು ಕೊಡುವಂತಿರಲಿಲ್ಲ. ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರಿಗೇ ಅದು ದಕ್ಕದಂತಾಗಿತ್ತು. 2017ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಶಿಂಗ್ರಿಕ್ಸ್ ಎಂಬ ಲಸಿಕೆಯಲ್ಲಿ ಜೀವಂತ ವೈರಾಣು ಇಲ್ಲ. ವೈರಾಣುವಿನ ಮೈಮೇಲಿನ ಒಂದು ಅಂಶ ಮಾತ್ರವಿದೆ. ಆದುದರಿಂದ ಸ್ಟೀರಾಯ್ಡ್ ಸೇವಿಸುವವರಿಗೂ ಇದನ್ನು ಕೊಡಬಹುದು. 50 ವರ್ಷ ದಾಟಿದ ಆರೋಗ್ಯವಂತರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಇದು ಶೇಕಡ 90ಕ್ಕಿಂತ ಹೆಚ್ಚು ರಕ್ಷಣೆ ನೀಡಿತು. ನಿರೋಧಕ ಶಕ್ತಿ ಕುಂದಿದವರಲ್ಲಿ ರಕ್ಷಣೆ ಸ್ವಲ್ಪ ಕಡಿಮೆಯಾದರೂ ಪ್ರಯೋಜನವುಂಟು.

ಭಾರತದಲ್ಲಿ ಇದು 2023ರಲ್ಲಿ ಮಾರಾಟಕ್ಕೆ ಬಂದಿತು. ಎರಡರಿಂದ ಆರು ತಿಂಗಳ ಅಂತರದಲ್ಲಿ ತೋಳಿಗೆ ಎರಡು ಬಾರಿ ಚುಚ್ಚಿಸಿಕೊಳ್ಳಬೇಕು. ಚುಚ್ಚಿದ ಮೇಲೆ ಒಂದೆರಡು ದಿನ ತೋಳುನೋವು, ಮೈಕೈನೋವು, ಜ್ವರ ಬರುವುದು ಸಹಜ. ಇದು ಸರ್ಕಾರದ ಉಚಿತ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ, ಬೆಲೆಯೂ ದುಬಾರಿ. ಬಡಕುಟುಂಬಗಳಿಗೆ ಇದು ಎಟುಕುವುದು ಕಷ್ಟವೆಂಬುದು ನಿಜ. ಅನುಕೂಲವಿದ್ದವರು, ಪ್ರಬಲ ಔಷಧಗಳನ್ನು ಆರಂಭಿಸುವ ಮೊದಲೇ ಇದನ್ನು ಹಾಕಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಅನುಕೂಲವಿಲ್ಲದವರು ನಿರಾಶರಾಗಬೇಕಾಗಿಲ್ಲ. ಲಕ್ಷಣವನ್ನು ಬೇಗ ಗುರುತಿಸುವುದು, ಮೂರು ದಿನಗಳೊಳಗೆ ಚಿಕಿತ್ಸೆ ಪಡೆಯುವುದು, ಅನಾವಶ್ಯಕ ಸ್ಟೀರಾಯ್ಡ್‌ನಿಂದ ದೂರವಿರುವುದು, ಈ ಮೂರಕ್ಕೂ ಹಣದ ಖರ್ಚು ಹೆಚ್ಚಿಲ್ಲ.

ಕೊನೆಯ ಮಾತು

ಬಂಧುಗಳೇ, ತಮ್ಮ ಮನೆಯಲ್ಲಿ ಯಾರಿಗಾದರೂ ಸಂಧಿವಾತ, ಲೂಪಸ್, ಸೋರಿಯಾಸಿಸ್ ಮುಂತಾದ ರೋಗವಿದ್ದು ಔಷಧ ನಡೆಯುತ್ತಿದ್ದರೆ, ಈ ಕೆಳಗಿನ ವಿಷಯಗಳನ್ನು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇನೆ.

ಸೇವಿಸುವ ಔಷಧಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ ಇಟ್ಟುಕೊಳ್ಳಿ. ಬಾಲ್ಯದಲ್ಲಿ ಸೀತಾಳೆ ಸಿಡುಬು ಆಗಿತ್ತೇ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದುಕೊಳ್ಳಿ. ಮೈಯ ಒಂದೇ ಪಕ್ಕದಲ್ಲಿ ಉರಿಯೂ ಗುಳ್ಳೆಯೂ ಕಂಡರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಹೋಗಲು ತೊಡಕಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಕಣ್ಣಿನ ಬಳಿ ಗುಳ್ಳೆಯೆದ್ದರೆ ಒಂದು ಗಳಿಗೆಯೂ ತಡಮಾಡಬೇಡಿ. ಗರ್ಭಿಣಿಯರನ್ನೂ ಕೂಸುಗಳನ್ನೂ ಗುಳ್ಳೆಯ ಸಂಪರ್ಕದಿಂದ ದೂರವಿಡಿ. ಯಾವ ಔಷಧವನ್ನೂ ತಾವಾಗಿ ನಿಲ್ಲಿಸಬೇಡಿ, ತಾವಾಗಿ ಆರಂಭಿಸಲೂ ಬೇಡಿ.

ಸರ್ಪಸುತ್ತು ದೈವದ ಕೋಪವಲ್ಲ, ಹಾವಿನ ಶಾಪವೂ ಅಲ್ಲ. ಕಾರಣ ತಿಳಿದಿರುವ, ಔಷಧವಿರುವ ಒಂದು ರೋಗ. ದಂಪತಿಗಳಿಬ್ಬರೂ ಈ ವಿಷಯವನ್ನು ಅರಿತು, ನೆರೆಹೊರೆಯವರಿಗೂ ತಿಳಿಸಿದರೆ, ಮುಂದೆ ಯಾರ ಮನೆಯಲ್ಲಾದರೂ ಇದು ಕಾಣಿಸಿಕೊಂಡಾಗ ಆ ಮೊದಲ ಮೂರು ದಿನಗಳು ವ್ಯರ್ಥವಾಗಲಾರವು.